ಹಿಂದಿನ ಆಸನದ ಪಾಠಶಾಲೆ

ಮುಂಜಾನೆ 8 ಗಂಟೆ 20 ನಿಮಿಷ. ಧಾರವಾಡದ ಸಪ್ತಾಪುರದ ಮನೆಯೊಂದರ ಪಡಸಾಲೆಯಲ್ಲಿ ತಂದೆಯೊಬ್ಬ ಐದು ವರ್ಷದ ಮಗನ ಬೂಟಿನ ಲಾಡಿ ಕಟ್ಟುತ್ತ ಮೃದುವಾಗಿ ಉಪದೇಶಿಸುತ್ತಿದ್ದಾನೆ: “ಶಾಲೆಯಲ್ಲಿ ಯಾರನ್ನೂ ನೂಕಬಾರದಪ್ಪ. ಸಾಲಿನಲ್ಲಿ ನಿಲ್ಲಬೇಕು. ಬೇರೆಯವರು ಮುಂದೆ ಹೋದರೆ ಹೋಗಲಿ, ನಮ್ಮ ಪಾಳಿ ಬಂದೇ ಬರುತ್ತದೆ.”

8 ಗಂಟೆ 30 ನಿಮಿಷ. ಜುಬಿಲಿ ವೃತ್ತದ ಬಳಿ ಅದೇ ತಂದೆ ಕಾರಿನಲ್ಲಿ ಕುಳಿತು, ಸಾಲು ತಪ್ಪಿಸಿ, ಎಡಗಡೆಯ ಸಂದಿಯಲ್ಲಿ ವಾಹನದ ಮೂತಿಯನ್ನು ತೂರಿಸಿ, ಎದುರಿನ ಆಟೋರಿಕ್ಷಾದವನ ಏಳು ತಲೆಮಾರಿನ ಯೋಗಕ್ಷೇಮವನ್ನು ಏರುದನಿಯಲ್ಲಿ ವಿಚಾರಿಸುತ್ತಿದ್ದಾನೆ. ಮಗು ಹಿಂದಿನ ಆಸನದಲ್ಲಿ ಕುಳಿತು ಈ ಎರಡನೆಯ ಪಾಠವನ್ನೂ ಅಷ್ಟೇ ಶ್ರದ್ಧೆಯಿಂದ ಕೇಳುತ್ತಿದೆ. ಎರಡರಲ್ಲಿ ಯಾವುದು ಅದರ ಮನಸ್ಸಿನಲ್ಲಿ ನಿಲ್ಲುವುದೆಂದು ಊಹಿಸಲು ಶಿಕ್ಷಣತಜ್ಞರಾಗಬೇಕಿಲ್ಲ.

ಆ ತಂದೆ ಬೇರಾರೂ ಅಲ್ಲ, ಈ ಲೇಖಕನೇ. ತಪ್ಪೊಪ್ಪಿಗೆಯಿಂದ ಆರಂಭಿಸಿದರೆ ಉಪದೇಶ ಕೊಂಚ ಸಹ್ಯವಾಗುತ್ತದೆಂಬ ನಂಬಿಕೆಯಿಂದ ಇದನ್ನು ಮೊದಲೇ ಹೇಳಿಬಿಟ್ಟಿದ್ದೇನೆ.

ನಡೆಯುವಾಗ ಸಾಧು, ನಡೆಸುವಾಗ ವ್ಯಾಘ್ರ

ಈ ವ್ಯಾಧಿ ಇಂದಿನದಲ್ಲ, ನಮ್ಮ ನಾಡಿನದು ಮಾತ್ರವೂ ಅಲ್ಲ. ಅಮೆರಿಕದ ವಾಲ್ಟ್ ಡಿಸ್ನಿಯವರ ಸಂಸ್ಥೆ 1950ರಲ್ಲಿಯೇ ‘ಮೋಟಾರ್ ಮೇನಿಯಾ’ ಎಂಬ ಕಿರು ವ್ಯಂಗ್ಯಚಿತ್ರವನ್ನು ಹೊರತಂದಿತ್ತು. ಅದರಲ್ಲಿ ಗೂಫಿ ಎಂಬ ಪಾತ್ರ ನಡೆದು ಹೋಗುವಾಗ ಇರುವೆಗೂ ನೋವು ಮಾಡದ ಸಜ್ಜನ. ಕಾರಿನಲ್ಲಿ ಕುಳಿತೊಡನೆ ಮುಖವೇ ಬದಲಾಗಿ ಘೋರ ರೂಪ ತಾಳುತ್ತಾನೆ. ಮತ್ತೆ ಕೆಳಗಿಳಿದರೆ ಪುನಃ ಸಜ್ಜನ. ಮುಕ್ಕಾಲು ಶತಮಾನ ಕಳೆದರೂ ಈ ಕಥೆ ಹಳತಾಗಿಲ್ಲ.

ನಮ್ಮಲ್ಲಿ ಈ ರೂಪಾಂತರವನ್ನು ನೋಡಲು ಶಾಲೆಯ ಬಾಗಿಲಿಗಿಂತ ಪ್ರಶಸ್ತವಾದ ಸ್ಥಳವಿಲ್ಲ. ಅಲ್ಲಿ ಕಾಣಸಿಗುವ ಪಾಲಕರಲ್ಲಿ ಕೆಲವು ವರ್ಗಗಳನ್ನು ಗುರುತಿಸಬಹುದು. ಮೊದಲನೆಯವರು ದ್ವಾರಪಾಲಕರು: ತಮ್ಮ ಕೂಸು ಗೇಟಿನಿಂದ ಹತ್ತು ಹೆಜ್ಜೆ ದೂರದಲ್ಲಿ ಇಳಿದರೆ ಅದರ ಕಾಲು ಸವೆದೀತೆಂಬ ಆತಂಕದಿಂದ ಏಳು ಆಸನಗಳ ವಾಹನವನ್ನು ನಡುರಸ್ತೆಯಲ್ಲಿಯೇ ನಿಲ್ಲಿಸುವವರು. ಎರಡನೆಯವರು ಸಾಲಗಾರರು: ಮನೆಯಲ್ಲಿ ಕಳೆದುಕೊಂಡ ಐದು ನಿಮಿಷವನ್ನು ರಸ್ತೆಯಲ್ಲಿರುವ ಎಲ್ಲರಿಂದಲೂ ಬಡ್ಡಿಸಹಿತ ವಸೂಲು ಮಾಡುವವರು. ಮೂರನೆಯವರು ನ್ಯಾಯಾಧೀಶರು: ಯಾರೋ ಅಡ್ಡ ಬಂದರೆಂದು ಅವರನ್ನು ಎರಡು ಫರ್ಲಾಂಗು ಬೆನ್ನಟ್ಟಿ ‘ಬುದ್ಧಿ ಕಲಿಸಿ’ಯೇ ಮರಳುವವರು. ಇನ್ನು ಕನ್ನಡಿಗೊಂದು ಊಟದ ಚೀಲ, ಮುಂದೊಂದು ಮಗು, ಹಿಂದೆರಡು ಮಕ್ಕಳೊಂದಿಗೆ ಸ್ಕೂಟರಿನ ಮೇಲೆ ನುಸುಳುವ ಸಾಹಸಿಗರದು ನಾಲ್ಕನೆಯ ವರ್ಗ.

ಇವರಲ್ಲನೇಕರ ವಾಹನದ ಹಿಂಗಾಜಿನ ಮೇಲೆ ‘ಬೇಬಿ ಆನ್ ಬೋರ್ಡ್’ ಎಂಬ ಚೀಟಿ ಇರುತ್ತದೆ. ಎದುರಿಗೆ ಪೂಜ್ಯರ ಭಾವಚಿತ್ರವೂ ಇರುತ್ತದೆ. ಹಿಂದಿನ ಚೀಟಿ ಉಳಿದವರು ಎಚ್ಚರದಿಂದಿರಲೆಂದು, ಮುಂದಿನ ಚಿತ್ರ ತಾವು ಎಚ್ಚರದಿಂದಿರಬೇಕಿಲ್ಲವೆಂದು! ಒಳಗೆ ಮಗುವಿದೆಯೆಂಬುದನ್ನು ನೆನಪಿಡಬೇಕಾದವನು ಒಳಗಿರುವವನೇ ಅಲ್ಲವೇ?

ಸೋಜಿಗವೆಂದರೆ ಇದರ ಮೂಲದಲ್ಲಿರುವುದು ದುಷ್ಟತನವಲ್ಲ, ಮಮತೆ. ಮಗುವಿಗೆ ತಡವಾಗಬಾರದು, ಅದು ಬಿಸಿಲಿನಲ್ಲಿ ನಡೆಯಬಾರದು ಎಂಬ ಕಾಳಜಿಯೇ ಉಳಿದವರೆಲ್ಲರನ್ನೂ ಅಡ್ಡಿಯೆಂದು ತೋರಿಸುತ್ತದೆ. ಗಾಜು ಏರಿಸಿದ ಕಾರು ಮನೆಯ ಕೋಣೆಯಂತೆ ಭಾಸವಾಗುತ್ತದೆ. ಹೊರಗಿರುವವರು ನೆರೆಹೊರೆಯ ಮನುಷ್ಯರಾಗಿ ಕಾಣದೆ ಕೇವಲ ವಾಹನಗಳಾಗಿ ಕಾಣುತ್ತಾರೆ.

ದೇಹ ತೆರುವ ಬೆಲೆ

ಕೋಪ ಬಂದಾಗ ಶರೀರವು ಕಾಳಗಕ್ಕೆ ಸಿದ್ಧವಾಗುತ್ತದೆ. ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ಎಂಬ ರಸದೂತಗಳು ರಕ್ತಕ್ಕೆ ಇಳಿಯುತ್ತವೆ, ಹೃದಯದ ಬಡಿತ ಮತ್ತು ರಕ್ತದೊತ್ತಡ ಏರುತ್ತವೆ, ಉಸಿರು ಮೇಲುಮೇಲಕ್ಕಾಗುತ್ತದೆ, ಯಕೃತ್ತು ಸಕ್ಕರೆಯನ್ನು ಬಿಡುಗಡೆ ಮಾಡುತ್ತದೆ, ಬೆಳಗಿನ ಉಪ್ಪಿಟ್ಟಿನ ಜೀರ್ಣಕ್ರಿಯೆ ನಿಧಾನವಾಗುತ್ತದೆ. ಹಿಂದೆ ಹುಲಿಯನ್ನು ಕಂಡು ಓಡಿದವನ ದೇಹದಲ್ಲಿ ಈ ಸಿದ್ಧತೆಯೆಲ್ಲ ಓಟದಲ್ಲಿ ವಿನಿಯೋಗವಾಗುತ್ತಿತ್ತು. ಆದರೆ ನಾವು ಓಡುವುದೂ ಇಲ್ಲ, ಕಾದುವುದೂ ಇಲ್ಲ. ಕುಳಿತಲ್ಲಿಯೇ ಹಲ್ಲು ಕಡಿಯುತ್ತೇವೆ. ಬಿಗಿದ ಕತ್ತು, ನೋಯುವ ಭುಜ, ಎದೆಯುರಿ, ತಲೆಶೂಲೆಗಳು ಉಳಿಯುತ್ತವೆ.

1995ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು, ತೀವ್ರ ಕೋಪ ಬಂದ ನಂತರದ ಎರಡು ತಾಸುಗಳಲ್ಲಿ ಹೃದಯಾಘಾತದ ಸಂಭವ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆಂದು ಕಂಡುಕೊಂಡಿತು. ಆರೋಗ್ಯವಂತನ ಮಟ್ಟಿಗೆ ಒಂದು ಸಲದ ಕೋಪದಿಂದ ಬರುವ ಅಪಾಯ ಚಿಕ್ಕದೇ. ಆದರೆ ರಕ್ತದೊತ್ತಡ, ಮಧುಮೇಹ, ಹೃದ್ರೋಗವುಳ್ಳವರು ದಿನಕ್ಕೆರಡು ಬಾರಿ ಈ ಜೂಜನ್ನು ಆಡುವುದು ವಿವೇಕವಲ್ಲ. ಮುಂಜಾನೆ ಗುಳಿಗೆ ನುಂಗಿ ಇಳಿಸಿದ ಒತ್ತಡವನ್ನು ವೃತ್ತದಲ್ಲಿ ನಿಂತು ಏರಿಸಿಕೊಳ್ಳುವುದು ತೂತು ಕೊಡಕ್ಕೆ ನೀರು ಹೊತ್ತಂತೆ.

ಎರಡು ನಿಮಿಷದ ಲೆಕ್ಕ

ಇಷ್ಟೆಲ್ಲ ಕಷ್ಟಪಟ್ಟು ಗಳಿಸುವುದಾದರೂ ಎಷ್ಟು? ಶಾಲೆ ನಾಲ್ಕು ಕಿಲೋಮೀಟರು ದೂರವಿದೆಯೆಂದಿಟ್ಟುಕೊಳ್ಳೋಣ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಆರು ನಿಮಿಷ, 60 ಕಿ.ಮೀ. ವೇಗದಲ್ಲಿ ನಾಲ್ಕು ನಿಮಿಷ. ಉಳಿತಾಯ ಎರಡು ನಿಮಿಷ. ಅದೂ ದಾರಿಯಲ್ಲಿ ದೀಪಸ್ತಂಭ, ದನ, ಮೆರವಣಿಗೆ ಯಾವುದೂ ಇಲ್ಲದಿದ್ದರೆ. ವಾಸ್ತವದಲ್ಲಿ ನಾವು ಗುಡುಗುತ್ತ ಹಿಂದಿಕ್ಕಿದ ಮುದಿ ಸ್ಕೂಟರು ಮುಂದಿನ ಕೆಂಪು ದೀಪದಲ್ಲಿ ನಮ್ಮ ಪಕ್ಕದಲ್ಲಿಯೇ ಬಂದು ನಿಲ್ಲುತ್ತದೆ. ಅದರ ಸವಾರ ನಮ್ಮನ್ನು ನೋಡಿ ಮುಗುಳ್ನಗುತ್ತಾನೆ ಕೂಡ.

ವ್ಯಯದ ಲೆಕ್ಕ ಬೇರೆಯೇ ಇದೆ. 40ರ ವೇಗದಲ್ಲಿ ವಾಹನ ಒಂದು ಸೆಕೆಂಡಿಗೆ ಸುಮಾರು 11 ಮೀಟರು ಸಾಗಿದರೆ, 60ರ ವೇಗದಲ್ಲಿ ಸುಮಾರು 17 ಮೀಟರು. ಎದುರಿಗೆ ಮಗುವೊಂದು ಓಡಿಬಂದುದನ್ನು ಕಂಡು ಕಾಲು ಬ್ರೇಕನ್ನು ಮುಟ್ಟುವಷ್ಟರಲ್ಲಿಯೇ ಅಷ್ಟು ದೂರ ಕ್ರಮಿಸಿರುತ್ತದೆ. ಬ್ರೇಕು ಒತ್ತಿದ ಮೇಲೆ ನಿಲ್ಲಲು ಬೇಕಾಗುವ ದೂರವಂತೂ ವೇಗದ ವರ್ಗಕ್ಕನುಗುಣವಾಗಿ ಬೆಳೆಯುತ್ತದೆ. 60ರಲ್ಲಿ ಅದು 40ರದಕ್ಕಿಂತ ಎರಡೂಕಾಲು ಪಟ್ಟು. ಶಾಲೆಯ ಸುತ್ತ ಓಡಾಡುವ ಪ್ರತಿಯೊಂದು ಮಗುವೂ ಯಾರೋ ಒಬ್ಬ ತಾಯಿ ಬೂಟು ತೊಡಿಸಿ ಕಳುಹಿಸಿದ ಮಗುವೇ.

ತಟ್ಟೆಯ ಚಕ್ರ

ಈಗ ಈ ಲೇಖನಕ್ಕೆ ಕಾರಣವಾದ ಪ್ರಸಂಗವನ್ನು ಹೇಳಬೇಕು. ಒಂದು ಭಾನುವಾರ ನಮ್ಮ ಮಗ ಪಡಸಾಲೆಯಲ್ಲಿ ಮಣೆಯ ಮೇಲೆ ಕುಳಿತು, ಊಟದ ತಟ್ಟೆಯನ್ನು ಕೈಯಲ್ಲಿ ಹಿಡಿದು ಕಾರು ನಡೆಸುತ್ತಿದ್ದ. ಎಂಬತ್ತರ ಸಮೀಪದ ನನ್ನ ತಾಯಿ ಕೋಲೂರಿಕೊಂಡು ದೇವರ ಕೋಣೆಯಿಂದ ಅಡಿಗೆಮನೆಗೆ ಹೊರಟಿದ್ದರು. ದಾರಿ ಮಣೆಯ ಮುಂದಿನಿಂದಲೇ ಇತ್ತು. ಮಗ ಬಾಯಿಂದಲೇ ನಾಲ್ಕು ಸಲ ಹಾರ್ನು ಬಾರಿಸಿ, ಅವರು ಸರಿಯದಿದ್ದಾಗ, “ಏ ಮುದುಕೀ, ಕಣ್ಣು ಕಾಣಸೂದಿಲ್ಲೇನು? ಸರೀ ಆಚೆ!” ಎಂದು ಅಬ್ಬರಿಸಿದ.

ಮನೆಯಲ್ಲಿ ನಿಶ್ಶಬ್ದ. “ಯಾರು ಕಲಿಸಿದರೋ ಇವನಿಗೆ?” ಎಂದು ತಾಯಿ ಕೇಳಿದರು. ನನ್ನ ಶ್ರೀಮತಿ ಏನೂ ಹೇಳದೆ ನನ್ನತ್ತ ನೋಡಿದಳು. ನಾನು ಪತ್ರಿಕೆಯಲ್ಲಿ ಮುಖ ಮುಚ್ಚಿಕೊಂಡೆ. ಹಿಂದಿನ ಮಂಗಳವಾರ ಟೋಲ್ ನಾಕಾದ ಬಳಿ ತರಕಾರಿಯ ಬುಟ್ಟಿ ಹೊತ್ತು ರಸ್ತೆ ದಾಟುತ್ತಿದ್ದ ವೃದ್ಧೆಯೊಬ್ಬರಿಗೆ ನಾನು ಆಡಿದ ಮಾತು ಅದು. ಅಕ್ಷರವೂ ಬದಲಾಗಿರಲಿಲ್ಲ, ಸ್ವರವೂ ಬದಲಾಗಿರಲಿಲ್ಲ. ಆ ತಾಯಿಯಲ್ಲಿ ಕ್ಷಮೆ ಕೇಳಲು ಅವರು ಯಾರೆಂಬುದೂ ನನಗೆ ತಿಳಿಯದು.

ಮಕ್ಕಳಿಗೆ ವಾಹನ ಚಾಲನೆಯ ಶಿಕ್ಷಣ ಹದಿನೆಂಟಕ್ಕೆ ಆರಂಭವಾಗುತ್ತದೆಂದು ನಾವು ಭಾವಿಸಿದ್ದೇವೆ. ಅದು ಹಿಂದಿನ ಆಸನದಲ್ಲಿ ಕುಳಿತ ಮೊದಲ ದಿನವೇ ಆರಂಭವಾಗಿರುತ್ತದೆ. ಅಪ್ಪ ಕೆಂಪು ದೀಪ ದಾಟಿದ್ದು, ಅವ್ವ ಮೊಬೈಲಿನಲ್ಲಿ ಮಾತನಾಡಿದ್ದು ಎಲ್ಲವೂ ಪಠ್ಯವೇ.

ಪಥ್ಯ

ಈ ರೋಗಕ್ಕೆ ಔಷಧ ಅಗ್ಗ, ಪಥ್ಯವೇ ಮುಖ್ಯ.

ಹತ್ತು ನಿಮಿಷ ಮೊದಲು ಹೊರಡಿರಿ. ರಸ್ತೆಯ ಕೋಪದಲ್ಲಿ ಬಹುಪಾಲು ಮನೆಯಲ್ಲಿ ಆದ ವಿಳಂಬವೇ. ಇಂಜಿನು ಚಾಲೂ ಮಾಡುವ ಮುನ್ನ ಮೂರು ಬಾರಿ ದೀರ್ಘವಾಗಿ ಉಸಿರೆಳೆದು ನಿಧಾನವಾಗಿ ಬಿಡಿರಿ. ಕೆಂಪು ದೀಪ ಕಂಡಾಗ ಇದನ್ನೇ ಪುನರಾವರ್ತಿಸಿರಿ.

ಬೆಲ್ಟು ಕಟ್ಟಿರಿ, ಕಟ್ಟಿಸಿರಿ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯಂತೆ 14 ವರ್ಷದೊಳಗಿನ ಮಗುವನ್ನು ಬೆಲ್ಟು ಅಥವಾ ಮಕ್ಕಳ ಆಸನವಿಲ್ಲದೆ ಕರೆದೊಯ್ದರೆ 1,000 ರೂಪಾಯಿ ದಂಡ. ದ್ವಿಚಕ್ರ ವಾಹನದಲ್ಲಿ ನಾಲ್ಕು ವರ್ಷ ಮೀರಿದ ಮಗುವಿಗೂ ಹೆಲ್ಮೆಟ್ ಕಡ್ಡಾಯ. ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದವರೆಗಿನ ಮಗು ಜೊತೆಗಿದ್ದರೆ ಹೆಲ್ಮೆಟ್ಟು, ಸುರಕ್ಷಾಪಟ್ಟಿಗಳೊಂದಿಗೆ ವೇಗವೂ 40 ಕಿ.ಮೀ. ಮೀರಕೂಡದು. ತೊಡೆಯ ಮೇಲೆ ಕೂರಿಸಿಕೊಳ್ಳುವುದು ಪ್ರೀತಿಯಿರಬಹುದು, ರಕ್ಷಣೆಯಲ್ಲ.

ಹಾರ್ನಿನಿಂದ ಕೈ ತೆಗೆಯಿರಿ. ಶಾಲೆ, ಆಸ್ಪತ್ರೆಗಳ ಸುತ್ತಲಿನ 100 ಮೀಟರು ನಿಶ್ಶಬ್ದ ವಲಯ. ಸಾಧ್ಯವಾದರೆ ವಾಹನವನ್ನು ದೂರದಲ್ಲಿ ನಿಲ್ಲಿಸಿ ಮಗುವಿನ ಕೈ ಹಿಡಿದು ನಡೆಯಿರಿ. ಮಧುಮೇಹಕ್ಕೂ ಅದು ಮದ್ದು. ಮಗು ದಿನದ ಸುದ್ದಿ ಹೇಳುವುದೂ ಆ ನಾಲ್ಕು ಹೆಜ್ಜೆಗಳಲ್ಲಿಯೇ.

ಕೊನೆಯದಾಗಿ, ಮಗುವನ್ನೇ ಪರೀಕ್ಷಕನನ್ನಾಗಿ ನೇಮಿಸಿರಿ. ನಾನು ಹಾಗೆ ಮಾಡಿದ್ದೇನೆ. ಧ್ವನಿ ಏರಿಸಿದ ದಿನ ಸಂಜೆ ನನಗೆ ಚಹಾ ಇಲ್ಲವೆಂಬುದು ಒಪ್ಪಂದ. ಮೊದಲ ವಾರದಲ್ಲಿ ಐದು ದಿನ ಚಹಾ ತಪ್ಪಿತು. ಈಗ ವಾರಕ್ಕೊಮ್ಮೆ ಮಾತ್ರ.

ಮಗನ ಮಣೆಯ ಕಾರು ಇಂದಿಗೂ ಪಡಸಾಲೆಯಲ್ಲಿ ಓಡುತ್ತದೆ. ಅಜ್ಜಿ ಕೋಲೂರಿಕೊಂಡು ಬಂದರೆ ಈಗ ಅವನು ಗಕ್ಕನೆ ನಿಲ್ಲಿಸಿ, “ದಾಟು ಅಜ್ಜೀ” ಎಂದು ಕೈ ಬೀಸುತ್ತಾನೆ. ಅವರು ದಾಟಿ ಮುಗಿಯುವವರೆಗೂ ಕಾಯುತ್ತಾನೆ. ಹಾರ್ನನ್ನು ಮಾತ್ರ ಇನ್ನೂ ಬಿಟ್ಟಿಲ್ಲ. ಅದು ಅವನ ತಂದೆಯಿಂದಲೂ ಪೂರ್ತಿಯಾಗಿ ಬಿಟ್ಟುಹೋಗಿಲ್ಲ.