ಯುಕೆಗೆ ಇಳಿದ ಮೊದಲ ವಾರವೇ ಜಿಪಿ ಹತ್ರ ಹೆಸರು ಬರೆಸಿ

ಇವತ್ತಿನ ಎಪಿಸೋಡ್ ಮಾಸ್ಟರ್ಸ್ ಓದೋಕೆ ಯುಕೆಗೆ ಹೊರಟವರಿಗೆ. ವೀಸಾಗೆ ಅಪ್ಲೈ ಮಾಡುವಾಗಲೇ ಹೆಲ್ತ್ ಸರ್‌ಚಾರ್ಜ್ ಅಂತ ವರ್ಷಕ್ಕೆ 776 ಪೌಂಡ್ ಕಟ್ಟಿರ್ತೀರ. ಅಂದ್ರೆ ಅಲ್ಲಿನ ಸರ್ಕಾರಿ ಆರೋಗ್ಯ ವ್ಯವಸ್ಥೆ ಎನ್‌ಎಚ್‌ಎಸ್‌ಗೆ ನಿಮ್ಮ ದುಡ್ಡು ಮೊದಲೇ ಹೋಗಿದೆ. ಆದ್ರೂ ತುಂಬಾ ಜನ ಡಾಕ್ಟರ್ ಹುಡುಕೋಕೆ ಶುರು ಮಾಡೋದು ಜ್ವರ ಬಂದ ಮೇಲೇನೇ.

ನಮ್ಮಲ್ಲಿ ಚರ್ಮದ ತೊಂದರೆ ಆದ್ರೆ ನೇರವಾಗಿ ಸ್ಕಿನ್ ಡಾಕ್ಟರ್ ಹತ್ರ ಹೋಗ್ತೀವಿ. ಅಲ್ಲಿ ಹಾಗಾಗಲ್ಲ. ಮೊದಲು ಜಿಪಿ, ಅಂದ್ರೆ ನಿಮ್ಮ ಏರಿಯಾದ ಫ್ಯಾಮಿಲಿ ಡಾಕ್ಟರ್. ಸಾಮಾನ್ಯವಾಗಿ ಅವರು ಬರೆದುಕೊಟ್ಟ ಮೇಲೇ ಸ್ಪೆಷಲಿಸ್ಟ್. ಅದಕ್ಕೂ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾಯಬೇಕು. ಹಾಗಾಗಿ ಆರೋಗ್ಯವಾಗಿರುವಾಗಲೇ ಹೆಸರು ನೋಂದಾಯಿಸಿ, ಅದಕ್ಕೆ ಫೀಸ್ ಇಲ್ಲ. ಇಂಗ್ಲೆಂಡ್‌ನಲ್ಲಿ ಅಡ್ರೆಸ್ ಪ್ರೂಫ್ ಇಲ್ಲ ಅಂತ ರಿಸೆಪ್ಷನ್‌ನವರು ವಾಪಸ್ ಕಳಿಸೋಕೆ ನೋಡಿದ್ರೆ, ಅದು ಕಡ್ಡಾಯ ಅಲ್ಲ ಅಂತ ಧೈರ್ಯವಾಗಿ ಹೇಳಿ.

ರಾತ್ರಿ ಹೊತ್ತು ಏನು ಮಾಡೋದು ಗೊತ್ತಾಗದಿದ್ರೆ 111ಕ್ಕೆ ಫೋನ್ ಮಾಡಿ. ಜೀವಕ್ಕೇ ಅಪಾಯ ಅನ್ನಿಸಿದ್ರೆ 999. ಎದೆನೋವು ಬಂದಾಗ ಬಿಲ್ ಎಷ್ಟಾಗುತ್ತೋ ಅಂತ ಲೆಕ್ಕ ಹಾಕ್ತಾ ಕೂರಬೇಡಿ, ಆಂಬುಲೆನ್ಸ್‌ಗೆ ಬಿಲ್ ಬರಲ್ಲ.

ಔಷಧಿಗೆ ಮಾತ್ರ ಇಂಗ್ಲೆಂಡ್‌ನಲ್ಲಿ ಒಂದೊಂದಕ್ಕೂ 9.90 ಪೌಂಡ್ ಕೊಡಬೇಕು. ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ಫ್ರೀ. ಹಲ್ಲಿಗೂ ಸಾಮಾನ್ಯವಾಗಿ ಬೇರೆ ಚಾರ್ಜ್. ಹುಳುಕು ಹಲ್ಲೇನಾದ್ರೂ ಇದ್ರೆ ಊರಲ್ಲೇ ತೋರಿಸಿಕೊಂಡು ಫ್ಲೈಟ್ ಹತ್ತಿ.