ಸದಸ್ಯರ ಕೈಚೀಲದಲ್ಲಿ ಊರಿನ ಚರಿತ್ರೆ

ಚರಿತ್ರೆಯೆಂದರೆ ಶಿಲಾಶಾಸನ, ತಾಮ್ರಪಟ, ಕೋಟೆಕೊತ್ತಲಗಳೆಂಬ ಭಾವನೆ ನಮ್ಮ ಜನರಲ್ಲಿ ರೂಢವಾಗಿದೆ. ನಗರಸಭೆಯ ಸದಸ್ಯರಿಗೆ ಕಛೇರಿಯಿಂದ ಬರುವ ಸಭೆಯ ನೋಟೀಸು, ವಿಷಯಸೂಚಿ, ಆಯವ್ಯಯದ ಪುಸ್ತಿಕೆ, ಗುರುತಿನ ಚೀಟಿ ಮೊದಲಾದವನ್ನು ಚರಿತ್ರೆಯ ಸಾಮಗ್ರಿಯೆಂದರೆ ನಗುವವರೇ ಹೆಚ್ಚು. ಅವಧಿ ಮುಗಿದೊಡನೆ ಅವು ಅಟ್ಟ ಸೇರುತ್ತವೆ. ಹಬ್ಬಕ್ಕೆ ಮನೆ ಸಾರಿಸುವ ಸಮಯದಲ್ಲಿ ರದ್ದಿಯವನ ತಕ್ಕಡಿಯನ್ನೇರುತ್ತವೆ.

ನಗುವ ಮೊದಲು ಮೈಸೂರಿನ ಪ್ರಜಾಪ್ರತಿನಿಧಿ ಸಭೆಯನ್ನು ನೆನೆಯಬೇಕು. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ ಆರಂಭವಾದ ಆ ಸಭೆ 1949ರವರೆಗೆ ಬಾಳಿತು. ದಸರೆಯಲ್ಲಿ ಸದಸ್ಯರ ಮುಂದೆ ಓದಲಾದ ದಿವಾನರ ಭಾಷಣಗಳ ಅಚ್ಚುಪ್ರತಿಗಳೂ ನಡವಳಿಯ ಪುಸ್ತಕಗಳೂ ಅಂದಿಗೆ ಬರಿಯ ಕಛೇರಿ ಕಾಗದ. ಹಳೆಯ ಮೈಸೂರಿನ ಮಳೆ, ಬೆಳೆ, ರೈಲು, ಶಾಲೆಗಳ ವೃತ್ತಾಂತ ಬರೆಯುವವರಿಗೆ ಇಂದು ಅವೇ ಆಧಾರ.

ರಾಬರ್ಟ್‌ಸನ್‌ಪೇಟೆಗೆ ಈ ಮಾತು ಇನ್ನಷ್ಟು ಸಲ್ಲುತ್ತದೆ. ಬ್ರಿಟಿಷ್ ರೆಸಿಡೆಂಟರೊಬ್ಬರ ಹೆಸರು ಹೊತ್ತ ಈ ಪೇಟೆ ಬೆಳೆದದ್ದು ಚಿನ್ನದ ಗಣಿಗಳ ನೆರಳಿನಲ್ಲಿ. ಜಾನ್ ಟೇಲರ್ ಕಂಪೆನಿಯ ಆಡಳಿತ, 1902ರಲ್ಲಿ ಶಿವನಸಮುದ್ರದಿಂದ ಬಂದ ವಿದ್ಯುತ್ತು, ಹತ್ತು ಸಾವಿರ ಅಡಿಗೂ ಮೀರಿದ ಗಣಿಯ ಆಳ, ಎಲ್ಲವೂ ಗ್ರಂಥಸ್ಥವಾಗಿವೆ. ಗಣಿಗಾರನ ಶಿರಸ್ತ್ರಾಣವನ್ನೂ ದೀಪವನ್ನೂ ಕಂಡರೆ ಯಾರಾದರೂ ಕೈಮುಗಿದಾರು. ಆದರೆ 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದ ಮೇಲೆ ಊರು ಬಾಳಿದ ಬಗೆಯನ್ನು ಹೇಳುವವರಾರು? ಯಾವ ಬೀದಿಯ ದೀಪ, ಯಾವ ಓಣಿಯ ನಲ್ಲಿ, ಯಾವ ಅಂಗಡಿಯ ಬಾಡಿಗೆ ಚರ್ಚೆಗೆ ಬಂದಿತೆಂಬುದನ್ನು ತಿಳಿಸುವುದು ಆ ಬಡ ವಿಷಯಸೂಚಿಯೇ.

ನಡವಳಿಯ ಪುಸ್ತಕ ಕಛೇರಿಯಲ್ಲಿ ಇದ್ದೇ ಇರುವುದಲ್ಲ ಎನ್ನಬಹುದು. ನಿಜ, ಆದರೆ ಅದರಲ್ಲಿ ದೊರೆಯುವುದು ನಿರ್ಣಯ ಮಾತ್ರ. ಸದಸ್ಯರು ತಮ್ಮ ಪ್ರತಿಯ ಅಂಚಿನಲ್ಲಿ ಪೆನ್ಸಿಲಿನಿಂದ ಗೀಚಿಕೊಂಡ ಸಂದೇಹ, ಮನೆಬಾಗಿಲಿಗೆ ಬಂದು ಅಹವಾಲು ಹೇಳಿದವರ ಬೀದಿಯ ಹೆಸರು ಬೇರೆಲ್ಲಿಯೂ ಸಿಕ್ಕವು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯಿಂದ ನಗರಸಭೆಗಳಲ್ಲಿ ಮೂರನೆಯ ಒಂದು ಪಾಲಿಗೆ ಕಡಿಮೆಯಿಲ್ಲದಷ್ಟು ಸ್ಥಾನಗಳು ಸ್ತ್ರೀಯರಿಗೆ ಮೀಸಲಾದವು. ಹಾಗೆ ಆಯ್ಕೆಯಾದ ಗೃಹಿಣಿಯ ಗುರುತಿನ ಚೀಟಿ ಒಂದು ಯುಗದ ಸಾಕ್ಷಿಯಲ್ಲವೆ?

ಇವನ್ನು ಉಳಿಸುವುದು ಕಷ್ಟವೇನಲ್ಲ. ತುಕ್ಕು ಹಿಡಿಯುವ ಗುಂಡುಸೂಜಿಯನ್ನು ತೆಗೆಯಬೇಕು; ತೇವವಿಲ್ಲದ ಪೆಟ್ಟಿಗೆಯಲ್ಲಿಡಬೇಕು; ವಾರ್ಡು ಯಾವುದು, ವರ್ಷ ಯಾವುದು ಎಂದು ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆಯಬೇಕು. ವಿಳಾಸವಿಲ್ಲದ ವಸ್ತು ಮೂಕ.

ಗಣಿಯ ಚಿನ್ನವನ್ನು ಗುಂಜಿಯ ಲೆಕ್ಕದಲ್ಲಿ ತೂಗಿದ ಊರು ತನ್ನ ನೆನಪನ್ನು ಮಣದ ಲೆಕ್ಕದಲ್ಲಿ ಮಾರದಿರಲಿ.