ಛತ್ರವೂ ಸಾಲುಮರವೂ

ಗಜೇಂದ್ರಗಡದ ಕಾಲಕಾಲೇಶ್ವರನ ಗುಡಿಗೆ ಮೆಟ್ಟಿಲು ಹತ್ತಿ ಹೋದವರು ಅಂತರಗಂಗೆಯನ್ನು ನೋಡಿಯೇ ಇರುವರು. ಮರದ ಬೇರಿನ ಬಳಿಯಿಂದ ನೀರು ಹೊಂಡಕ್ಕೆ ಇಳಿಯುತ್ತದೆ. ಮಳೆ ಕಡಿಮೆಯಾದ ನಮ್ಮ ರೋಣದ ಎರಿಸೀಮೆಯಲ್ಲಿ ಬಿಸಿಲಲ್ಲಿ ನಡೆದು ಬಂದವನಿಗೆ ನೀರು-ನೆರಳುಗಳ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ದಾರಿಗನಿಗೆ ನೆರಳು, ನೀರು, ಅನ್ನ, ತಂಗುವ ಸ್ಥಳ ಇವು ನಾಲ್ಕನ್ನೂ ಒದಗಿಸುವದು ಒಂದೇ ಧರ್ಮವೆಂದು ಹಿರಿಯರು ಎಣಿಸಿದ್ದರು. ದಾರಿಯ ಬದಿಗೆ ಆಲದ ಮರ ನೆಡಿಸಿ, ಮಾವಿನ ತೋಪು, ಬಾವಿ, ತಂಗುಮನೆಗಳನ್ನು ಮಾಡಿಸಿದ್ದನ್ನು ಅಶೋಕನು ತನ್ನ ಏಳನೆಯ ಸ್ತಂಭಶಾಸನದಲ್ಲಿ ಹೇಳಿದ್ದಾನೆ. ಆ ಅರಸನ ಬಂಡೆಗಲ್ಲಿನ ಶಾಸನಗಳು ನಮ್ಮ ನೆರೆಯ ಕೊಪ್ಪಳದಲ್ಲಿಯೂ ಇವೆ.

‘ಸತ್ರ’ವೆಂದರೆ ಮೂಲದಲ್ಲಿ ಬಹುದಿನ ನಡೆಯುವ ಯಜ್ಞ. ಅನ್ನದಾನವೂ ಅಂಥ ಯಜ್ಞವೇ ಎಂದು ಅನ್ನಸತ್ರವಾಯಿತು. ಜನರ ಬಾಯಲ್ಲಿ ಛತ್ರವಾಯಿತು. ಬಳ್ಳಿಗಾವಿಯ ಕೋಡಿಯಮಠವನ್ನು 1162ರ ಶಾಸನವೊಂದು ವರ್ಣಿಸುತ್ತದೆ. ಅಲ್ಲಿ ದೀನರು, ಅನಾಥರು, ಕುರುಡರು, ಕಿವುಡರಿಗೆ ಅನ್ನ, ರೋಗಿಗಳಿಗೆ ಔಷಧ, ವೇದ-ವ್ಯಾಕರಣಗಳ ಪಾಠ. ಛತ್ರ, ಆಸ್ಪತ್ರೆ, ಪಾಠಶಾಲೆ ಮೂರೂ ಒಂದೇ ಕಡೆ!

ರೈಲು ಬಂದ ಮೇಲೆ ಛತ್ರವೂ ನಿಲ್ದಾಣದ ಹತ್ತಿರ ಬಂದಿತು. ವ್ಯಾಪಾರಿ ಗುಬ್ಬಿ ತೋಟದಪ್ಪನವರು ಬೆಂಗಳೂರಿನಲ್ಲಿ ಕಟ್ಟಿಸಿದ ಧರ್ಮಛತ್ರ 1903ರಲ್ಲಿ ಆರಂಭವಾಯಿತು. ಅವರ ಧರ್ಮದಿಂದ ವಿದ್ಯಾರ್ಥಿನಿಲಯವೂ ನಡೆಯಿತು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ವಿದ್ಯಾರ್ಥಿನಿಲಯದ ಊಟವಿಲ್ಲದಿದ್ದರೆ ಬಿ.ಎ. ಕೊನೆಯ ವರ್ಷವನ್ನು ಕಾಣುತ್ತಿರಲಿಲ್ಲ. ಮುಖವರಿಯದವರ ಅನ್ನದ ಋಣವೆಂಬುದು ನನಗೆ ಬರಿಯ ಪುಸ್ತಕದ ಮಾತಲ್ಲ.

ಹಣವಿದ್ದರೆ ಬಿದ್ದ ಛತ್ರವನ್ನು ವರುಷದಲ್ಲಿ ಮತ್ತೆ ಕಟ್ಟಬಹುದು, ಮರ ಹಾಗಲ್ಲ. ಆಲವು ಬಿಳಲು ಇಳಿಬಿಟ್ಟು, ಆ ಬಿಳಲು ನೆಲ ಹಿಡಿದು, ಕಂಬವಾಗಿ ಕೊಂಬೆಯನ್ನು ಹೊರಲು ತಲೆಮಾರುಗಳೇ ಬೇಕು. ರಸ್ತೆ ಅಗಲಿಸಲು ಕಡಿದ ಮುದಿಮರವೊಂದಕ್ಕೆ ಹತ್ತು ಸಸಿ ನೆಟ್ಟರೂ ಬರುವ ಬೇಸಿಗೆಗೆ ಅವು ನೆರಳಾಗವು. ಮರ ಕಡಿಯಲು ಸಾಮಾನ್ಯವಾಗಿ ವೃಕ್ಷಾಧಿಕಾರಿಯ ಅನುಮತಿ ಬೇಕೆಂದು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ವಿಧಿಸಿದೆ. ಕಾಯ್ದೆ ಕೊಡಲಿಯನ್ನು ತಡೆದೀತು; ಸಸಿಗೆ ನೀರು ಹಾಕುವವರು ನಾವೇ ಆಗಬೇಕು.

ಹುಲಿಕಲ್-ಕುದೂರು ದಾರಿಯಲ್ಲಿ ಸಾಲುಮರದ ತಿಮ್ಮಕ್ಕನವರೂ ಅವರ ಪತಿಯೂ ಕೊಡದಿಂದ ನೀರು ಹೊತ್ತು 385 ಆಲದ ಮರಗಳನ್ನು ಬೆಳೆಸಿದರು. ಮಕ್ಕಳಿಲ್ಲದ ಆ ತಾಯಿ ಶಾಲೆಯಲ್ಲಿ ಓದಿದವರಲ್ಲ. ಇನ್ನು ಓದಿದ ನಮ್ಮ ಮಾತೇನು? ಪದವಿ ಪಡೆದು ಹೊರಡುವ ಮೊದಲು ಪ್ರತಿಯೊಬ್ಬನೂ ತನ್ನೂರ ದಾರಿಯಲ್ಲಿ ಒಂದು ಬೇವನ್ನೋ ಆಲವನ್ನೋ ನೆಟ್ಟು, ಮೂರು ಬೇಸಿಗೆ ನೀರು ಹಾಕಲಿ. ನಾವು ಉಂಡ ಅನ್ನದ ಋಣ ಆ ನೆರಳಿನಿಂದ ಸ್ವಲ್ಪವಾದರೂ ತೀರೀತು.